ದೊರೆಯ ಪಾದವೂ ನಮ್ಮ ಮಾವನವರೂ

ನಮ್ಮ ಮಾವನವರು ಮನುಷ್ಯರನ್ನು ದ್ವೇಷಿಸುತ್ತಿದ್ದರು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ದ್ವೇಷಿಸಬೇಕಾದರೆ ಮೊದಲು ಮನುಷ್ಯರನ್ನು ಕಣ್ಣೆತ್ತಿ ನೋಡಬೇಕಲ್ಲ! ಅವರು ನೋಡುತ್ತಲೇ ಇರಲಿಲ್ಲ. ಕಡೂರಿನಲ್ಲಿ ಶಿರಸ್ತೇದಾರರಾಗಿದ್ದು, ನಿವೃತ್ತರಾಗಿ ಅಜ್ಜಂಪುರದ ಸ್ವಂತ ಮನೆಗೆ ಬಂದು ಕೂತವರು. ಮೂವತ್ತು ವರ್ಷ ಬರೀ ಕಾಗದ ನೋಡಿ ನೋಡಿ, ಕಾಗದ ಹಿಡಿದು ನಿಂತವರ ಮುಖ ನೋಡುವ ಅಭ್ಯಾಸವೇ ತಪ್ಪಿಹೋಗಿತ್ತೋ ಏನೋ.

ಎಪ್ಪತ್ತನಾಲ್ಕರಲ್ಲಿ ನಾನು ಸೊಸೆಯಾಗಿ ಆ ಮನೆಗೆ ಬಂದಾಗ ಅತ್ತೆ ತೀರಿಕೊಂಡು ಎರಡು ವರ್ಷವಾಗಿತ್ತು. ನನ್ನ ಗಂಡ ಬೀರೂರಿನಲ್ಲಿ ರೈಲ್ವೆ ನೌಕರ. ಬೆಳಗಿನ ರೈಲಿಗೆ ಹೋದರೆ ಸಂಜೆಯ ರೈಲಿಗೆ ವಾಪಸು. ಹಗಲೆಲ್ಲ ಮನೆಯಲ್ಲಿ ನಾನು ಮತ್ತು ಮಾವ. ನನ್ನ ಹೆಸರು ಅವರಿಗೆ ಗೊತ್ತಿತ್ತೆ? ಲಗ್ನಪತ್ರಿಕೆಯಲ್ಲಿ ಓದಿರಬೇಕು. ನೀರು ಬೇಕಾದರೆ ಪಡಸಾಲೆಯಿಂದ "ಯಾರಲ್ಲಿ?" ಎಂದು ಕೂಗುತ್ತಿದ್ದರು. ಇದ್ದವಳು ನಾನೊಬ್ಬಳೇ!

ಎರಡು ವರ್ಷದ ಮೇಲೆ ನನ್ನ ಗಂಡ ಒಂದು ನಾಯಿಮರಿ ತಂದರು. ಅವರ ಜೊತೆ ಕೆಲಸ ಮಾಡುತ್ತಿದ್ದ ಗಾರ್ಡೊಬ್ಬರಿಗೆ ದೂರದೂರಿಗೆ ವರ್ಗವಾಗಿತ್ತಂತೆ. ಬಿಳೀ ಕೂದಲಿನ, ಅರ್ಧ ಪಮೇರಿಯನ್, ಇನ್ನರ್ಧ ಬೀರೂರು ಜಂಕ್ಷನ್. "ಅಪ್ಪಾಜಿ ಬೈದ್ರೆ ನಾಳೆ ಯಾರಿಗಾದ್ರೂ ಕೊಟ್ಬಿಡ್ತೀನಿ ಕಣೇ" ಎಂದು ಮೆಲ್ಲಗೆ ನನ್ನ ಕಿವಿಯಲ್ಲಿ ಹೇಳಿದರು. ಮಾವ ಕನ್ನಡಕ ಸರಿಮಾಡಿಕೊಂಡು ಅದನ್ನು ದಿಟ್ಟಿಸಿದರು. ನಾನು ಸೊಸೆಯಾಗಿ ಬಂದ ದಿನ ಅಷ್ಟು ಹೊತ್ತು ನನ್ನನ್ನು ನೋಡಿರಲಿಲ್ಲ. ಆಮೇಲೆ, "ಏನು ದೊರೆಗಳೇ, ಪ್ರಯಾಣ ಸುಖವಾಯ್ತಾ?" ಎಂದರು.

ಅಲ್ಲಿಗೆ ಅದರ ಹೆಸರು ದೊರೆ ಎಂದಾಯಿತು. ಬರೀ ಹೆಸರಲ್ಲ, ಅಧಿಕಾರವೂ ಬಂತು. ಇಡೀ ಅಜ್ಜಂಪುರವನ್ನು "ಬಾರೋ, ಹೋಗೋ" ಎನ್ನುತ್ತಿದ್ದ ಮನುಷ್ಯ ನಾಯಿಗೆ ಮಾತ್ರ "ಏಳಿ, ಹಾಲು ಕುಡೀರಿ" ಎನ್ನುತ್ತಿದ್ದರು. ನಮ್ಮದು ಲಿಂಗ ಕಟ್ಟಿಕೊಂಡ ಮನೆಯಾದ್ದರಿಂದ ದೊರೆಯೂ ಶುದ್ಧ ಸಸ್ಯಾಹಾರಿ. ಮೊದಲು ಅದಕ್ಕೆ ಬಡಿಸಿ ಆಮೇಲೆ ನಾನು ಉಣ್ಣಬೇಕು. ಇದನ್ನು ನನ್ನ ತವರಿನಲ್ಲಿ ಹೇಳಿದರೆ ನಂಬಲಿಲ್ಲ. ನಂಬುವ ಹಾಗೆ ಇತ್ತೆ?

ಹೀಗಿರುವಾಗ ದೊರೆ ಕಾಲು ನೆಕ್ಕಲು ಶುರುಮಾಡಿತು. ಮೊದಮೊದಲು ಎಲ್ಲ ನಾಯಿಗಳ ಹಾಗೆ ಆಗೊಮ್ಮೆ ಈಗೊಮ್ಮೆ. ಆಮೇಲೆ ಬೆಳಗಿನಿಂದ ಸಂಜೆಯವರೆಗೆ ಅದೇ ಉದ್ಯೋಗ. ಲಪ್, ಲಪ್, ಲಪ್! ನಾನು ರೊಟ್ಟಿ ತಟ್ಟುವ ಸದ್ದಿಗೆ ತಾಳ ಹಾಕುವಂತೆ ಪಡಸಾಲೆಯಿಂದ ಈ ಸದ್ದು. ಬಿಳೀ ಪಾದಗಳು ಎಂಜಲಿಗೆ ತುಕ್ಕಿನ ಬಣ್ಣಕ್ಕೆ ತಿರುಗಿದವು. ಬೆರಳ ಸಂದುಗಳು ಕೆಂಪಗಾಗಿ ರಸಿಕೆ ಬರತೊಡಗಿತು.

ಮಾವನವರು ವಿಚಾರಣೆ ಆರಂಭಿಸಿದರು. ಮೊದಲ ಆರೋಪಿ ಯಾರಿರಬಹುದು ಹೇಳಿ?

"ಸಾರಿಗೆ ಖಾರ ಜಾಸ್ತಿ ಹಾಕ್ತಿದೀಯ."

"ನಾಯಿಗೆ ಸಾರು ಹಾಕಲ್ಲ ಮಾವ, ಮೊಸರನ್ನ."

"ಹಂಗಾದ್ರೆ ಮೊಸರು ಹುಳಿ."

ಮೊಸರು ನಿಂತಿತು. ಆಮೇಲೆ ಹಾಲು, ಆಮೇಲೆ ರೊಟ್ಟಿ. ಒಂದೊಂದನ್ನು ನಿಲ್ಲಿಸಿದಾಗಲೂ ಹದಿನೈದು ದಿನ ಪರೀಕ್ಷೆ. ಆ ಪರೀಕ್ಷೆಗೆ ಅವರು ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಮಹಜರು ಬರೆಯುತ್ತಿದ್ದರು! "ಈ ದಿನ ಬೆಳಿಗ್ಗೆ ಹತ್ತು ಗಂಟೆಯಲ್ಲಿ ಶ್ರೀ ದೊರೆಯವರು ಮುಂಗಾಲು ಎಡಭಾಗ, ಸುಮಾರು ಇಪ್ಪತ್ತು ನಿಮಿಷ ಕಾಲ ನೆಕ್ಕಿದ್ದು ಖುದ್ದು ಕಂಡುಬಂದಿದೆ." ಮಹಜರು ಅಂದ ಮೇಲೆ ಸಾಕ್ಷಿ ಬೇಡವೆ? "ಯಾರಲ್ಲಿ?" ಎಂದು ಕೂಗಿ ನನ್ನಿಂದ ರುಜು ಹಾಕಿಸುತ್ತಿದ್ದರು. ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸಾದ ನನ್ನ ರುಜುವಿಗೆ ಆ ಮನೆಯಲ್ಲಿ ಸಿಕ್ಕ ಏಕೈಕ ಉಪಯೋಗ ಅದು.

ಮದ್ದುಗಳ ಕಥೆ ಬೇರೆ. ಯಾರೋ ಅರಿಸಿನ ಎಂದರು. ನಾಲ್ಕೂ ಕಾಲಿಗೆ ಅರಿಸಿನ ಮೆತ್ತಿದರು. ದೊರೆ ದೇವರ ಮನೆಯಿಂದ ಹಿತ್ತಲವರೆಗೆ ಹಳದಿ ಹೆಜ್ಜೆ ಇಡುತ್ತ ಸಂಚಾರ ಮಾಡಿತು. ತಿಕ್ಕಿದವಳು ನಾನು. ಇನ್ಯಾರೋ ಹೊಂಗೆ ಎಣ್ಣೆ ಎಂದರು. ಅದರ ವಾಸನೆಗೆ ನನಗೆ ವಾಂತಿ ಬಂತು, ನಾಯಿ ಮಾತ್ರ ಅದನ್ನೂ ನೆಕ್ಕಿತು. ಕಡೆಗೆ, ನೆಕ್ಕದಂತೆ ಕಾಲಿಗೆ ಏನಾದರೂ ತೊಡಿಸಬೇಕೆಂದು ಮಾವನವರಿಗೆ ಹೊಳೆಯಿತು. ಆ ವರ್ಷ ಹುಟ್ಟಿದ್ದ ನನ್ನ ಮಗಳಿಗೆಂದು ನಮ್ಮಮ್ಮ ಕೂತು ಹೆಣೆದು ಕಳಿಸಿದ್ದ ಉಲ್ಲನ್ ಕಾಲುಚೀಲ ತೊಡಿಸಿಯೇಬಿಟ್ಟರು. ನಾನು ಹಿತ್ತಲಿಂದ ಬರುವಷ್ಟರಲ್ಲಿ ದೊರೆ ಒಂದನ್ನು ನುಂಗಿತ್ತು. ಮೂರನೆಯ ದಿನ ಅದು ಬರಬೇಕಾದ ದಾರಿಯಲ್ಲಿ ಹೊರಗೆ ಬಂತು. ಮಾವ ಸಮಾಧಾನದ ಉಸಿರುಬಿಟ್ಟು ಹೇಳಿದರು: "ಏನೂ ಆಗಿಲ್ಲ, ಗಟ್ಟಿಯಾಗೈತೆ. ಒಗೆದು ಒಣಹಾಕು."

ನಗುತ್ತೀರಲ್ಲ? ನಗಿ. ನಾನು ಅವತ್ತು ಬಾವಿಕಟ್ಟೆಯ ಹತ್ತಿರ ಕೂತು ಅತ್ತೆ.

ತರೀಕೆರೆಯ ದನದಾಸ್ಪತ್ರೆಗೆ ಹೊಸ ಡಾಕ್ಟರು ಬಂದಿದ್ದಾರೆ, ಚೆನ್ನಾಗಿ ನೋಡುತ್ತಾರೆ ಎಂದು ಸುದ್ದಿ ಬಂದಾಗ ಮಾವ ಬಸ್ಸಿಗೆ ಹೊರಟು ನಿಂತರು. ನಾನೂ ಬರಬೇಕಂತೆ. ಅಡುಗೆಯ ವಿಚಾರ ಡಾಕ್ಟರು ಕೇಳಿದರೆ ಉತ್ತರ ಹೇಳಬೇಕಲ್ಲ! ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೊರಟೆ. ಬಸ್ಸಿನಲ್ಲಿ ಇಬ್ಬರು ಕೂರುವ ಒಂದೇ ಸೀಟು ಖಾಲಿ ಇತ್ತು. ಮಾವ ಕಿಟಕಿಗೆ ಸರಿದು ಪಕ್ಕದಲ್ಲಿ ಟವೆಲ್ ಹಾಸಿ ದೊರೆಯನ್ನು ಕೂರಿಸಿಕೊಂಡರು.

"ಯಜಮಾನ್ರೇ, ಹೆಣ್ಮಗಳು ನಿಂತವ್ಳೆ, ನಾಯಿ ಕೂತೈತಲ್ರೀ" ಎಂದ ಕಂಡಕ್ಟರು.

"ಅವರಿಗೆ ಕಾಲು ನೋವು ಕಣಯ್ಯ" ಎಂದರು ಮಾವ. ಬಸ್ಸೆಲ್ಲ ನಕ್ಕಿತು. ನಾನು ಕಂಬಿ ಹಿಡಿದುಕೊಂಡು ತರೀಕೆರೆಯವರೆಗೆ ಹೊರಗಿನ ಹೊಲಗಳನ್ನು ನೋಡಿದೆ.

ಡಾಕ್ಟರು ಚಿಕ್ಕ ವಯಸ್ಸಿನವರು. ಮಾವ ಕೊಟ್ಟ ಮಹಜರು ಪುಸ್ತಕವನ್ನು ಗಂಭೀರವಾಗಿ ತಿರುವಿಹಾಕಿ ಪಕ್ಕಕ್ಕಿಟ್ಟರು. ನನಗೆ ನಾಯಿಯ ಕಾಲು ಹಿಡಿದುಕೊಳ್ಳಲು ಹೇಳಿ, ಬೆರಳ ಸಂದು ಬಿಡಿಸಿ ನೋಡಿದರು.

"ಮನೆ ನೆಲ ಯಾವುದ್ರಲ್ಲಿ ಒರೆಸ್ತೀರಿ?"

"ಫಿನಾಯಿಲ್!" ಎಂದರು ಮಾವ ಹೆಮ್ಮೆಯಿಂದ. "ದಿನಕ್ಕೆ ಎರಡು ಸಲ. ಗಟ್ಟಿಯಾಗಿ, ನೀರು ಜಾಸ್ತಿ ಬೆರೆಸೋಕೆ ಬಿಡಲ್ಲ. ಇವರು ಬಂದಾಗಿನಿಂದ ನೆಲ ಶುಚಿಯಾಗಿರ್ಲಿ ಅಂತ."

ಡಾಕ್ಟರ ಕಣ್ಣು ನಾಯಿಯ ಕಾಲಿನಿಂದ ಅದನ್ನು ಹಿಡಿದಿದ್ದ ಕೈಗೆ ಬಂತು. "ಅಮ್ಮ, ನಿಮ್ಮ ಕೈ ಸ್ವಲ್ಪ ತೋರ್ಸಿ."

ತೋರಿಸಿದೆ. ಬೆರಳ ಸಂದೆಲ್ಲ ಕೆಂಪು, ಗೆಣ್ಣುಗಳಲ್ಲಿ ಬಿರುಕು, ಅಂಗೈ ಚರ್ಮ ಸುಲಿದು ಬರುತ್ತಿತ್ತು. ಎರಡು ವರ್ಷದಿಂದ ಹಾಗೇ ಇತ್ತು. ಉರಿ ತಡೆಯಲಾರದೆ ಒಮ್ಮೆ ಮಾವನಿಗೆ ಹೇಳಿಯೂ ಇದ್ದೆ. "ಕೆಲಸ ಮಾಡೋರ ಕೈ ಹಂಗೇ ಇರೋದು" ಎಂದು ಪೇಪರು ಮಗುಚಿದ್ದರು.

"ಇಬ್ರಿಗೂ ಒಂದೇ ಕಾಯಿಲೆ ಸಾರ್" ಎಂದರು ಡಾಕ್ಟರು.

ಮಾವನ ಮುಖ ಬಿಳಿಚಿಕೊಂಡಿತು. ನಾಯಿಯನ್ನು ನನ್ನ ಕೈಯಿಂದ ಸರಕ್ಕನೆ ಎಳೆದುಕೊಂಡು ಕೇಳಿದರು: "ಹಂಗಾದ್ರೆ ಇವಳಿಂದ ಇವರಿಗೆ ಅಂಟಿತಾ?"

ನಾನು ಅಷ್ಟು ವರ್ಷ ಬೈಗುಳ ಕೇಳಿದ್ದೇನೆ, ಯಾವುದೂ ಅಷ್ಟು ಚುಚ್ಚಿರಲಿಲ್ಲ. ಡಾಕ್ಟರು ತಲೆ ಅಲ್ಲಾಡಿಸಿದರು. "ಇದು ಅಂಟುರೋಗ ಅಲ್ಲ ಸಾರ್, ಅಲರ್ಜಿ. ಫಿನಾಯಿಲ್ ಆಗಿಬರ್ತಿಲ್ಲ. ಇವತ್ತಿಂದ್ಲೇ ನಿಲ್ಸಿ. ಬರೀ ನೀರಲ್ಲಿ ಒರೆಸ್ಲಿ. ನಾಯಿ ಹೊರಗಿಂದ ಬಂದಾಗ ಕಾಲು ತೊಳೆದು, ಸಂದು ಚೆನ್ನಾಗಿ ಒಣಗ್ಸಿ. ಈ ಅಮ್ಮನ್ನ ದೊಡ್ಡಾಸ್ಪತ್ರೆಗೆ ತೋರ್ಸಿ."

ನಾಯಿಗೆ ಹೇಳಿದ್ದೆಲ್ಲ ಅಕ್ಷರಶಃ ನಡೆಯಿತು. ಅಮ್ಮನನ್ನು ಯಾರೂ ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ. ಮಾವ ತಾವೇ ಮೊಣಕಾಲೂರಿ ದೊರೆಯ ಪಾದ ತೊಳೆದು, ತಮ್ಮ ಹೆಗಲ ಮೇಲಿನ ಟವೆಲಿನಿಂದ ಬೆರಳು ಬೆರಳು ಒರೆಸುತ್ತಿದ್ದರು. ಬೀದಿಯಲ್ಲಿ ಸಿಕ್ಕಿದವರಿಗೆಲ್ಲ "ನಮ್ಮ ದೊರೆಗಳಿಗೆ ಅಲರ್ಜಿ" ಎಂದು, ಮನೆಗೆ ಬಿರುದು ಬಂದವರಂತೆ ಹೇಳುತ್ತಿದ್ದರು. ಒಂದೂವರೆ ತಿಂಗಳಲ್ಲಿ ನೆಕ್ಕುವುದು ನಿಂತಿತು, ಪಾದ ಬೆಳ್ಳಗಾಯಿತು. ಫಿನಾಯಿಲ್ ಮುಟ್ಟದೆ ನನ್ನ ಕೈಯೂ ವಾಸಿಯಾಯಿತು. ಒಂದು ನಾಯಿಯ ದಯೆಯಿಂದ ಚರ್ಮ ಬಂದವಳು ಜಿಲ್ಲೆಯಲ್ಲೇ ನಾನೊಬ್ಬಳಿರಬೇಕು! ಆ ಉಪಕಾರಕ್ಕಾಗಿ ನಾನು ಅದನ್ನು ಇನ್ನಷ್ಟು ದ್ವೇಷಿಸಿದೆ.

ದೊರೆ ಎಂಬತ್ತಾರರಲ್ಲಿ ವಯಸ್ಸಾಗಿ ಸತ್ತಿತು. ಮಾವ ಹಿತ್ತಲಲ್ಲಿ ಗುಂಡಿ ತೆಗೆಸಿ, ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ನನಗೆ ಅಳು ಬರಲಿಲ್ಲ. ನಿಜ ಹೇಳಬೇಕೆಂದರೆ, ಒಳಗೊಳಗೇ ಸ್ವಲ್ಪ ಹಗುರಾಗಿತ್ತು.

ಒಂದು ತಿಂಗಳ ಮೇಲೆ ನನ್ನ ನಾದಿನಿಯ ಮನೆಯವರು ಬರುವವರಿದ್ದರು. ಮನೆಯಲ್ಲಿ ಇನ್ನೂ ನಾಯಿಯ ವಾಸನೆ ಇದೆ ಎಂದು ನನ್ನ ಗಂಡ ಬೀರೂರಿನಿಂದ ಒಂದು ಬಾಟಲಿ ಫಿನಾಯಿಲ್ ತಂದಿಟ್ಟಿದ್ದರು. ಬೆಳಿಗ್ಗೆ ಬಕೆಟ್ಟಿಗೆ ಸುರಿದು, ಬಟ್ಟೆ ಅದ್ದಲು ಬಗ್ಗಿದೆ. ಪಡಸಾಲೆಯಲ್ಲಿದ್ದ ಮಾವ ವಾಸನೆ ಹಿಡಿದು ಎದ್ದು ಬಂದರು. ಎಪ್ಪತ್ತೆರಡು ದಾಟಿದ್ದ ಮನುಷ್ಯ, ನಡಿಗೆಯಲ್ಲಿ ತೂರಾಟ. ನನ್ನ ಮುಂದಿದ್ದ ಬಕೆಟ್ ಕಿತ್ತುಕೊಂಡು, ಚೆಲ್ಲಾಡುತ್ತಲೇ ಒಯ್ದು, ಮುಂದಿನ ಚರಂಡಿಗೆ ಸುರಿದರು.

"ಈ ಮನೇಲಿ ಇದು ಆಗಲ್ಲ ಅಂತ ತರೀಕೆರೆ ಡಾಕ್ಟ್ರು ಹೇಳಿದ್ದು ಮರ್ತೋಯ್ತಾ ನಿಂಗೆ?"

ವಯಸ್ಸಿಗೆ ಮರೆವು ಬಂದಿದೆ ಅಂದುಕೊಂಡೆ. ಮೆಲ್ಲಗೆ ಹೇಳಿದೆ: "ಮಾವ, ದೊರೆ ಹೋಗಿ ತಿಂಗಳಾಯ್ತಲ್ಲ."

"ಗೊತ್ತು."

ಬಕೆಟ್ಟಿನ ತಳದಲ್ಲಿ ಉಳಿದಿದ್ದ ಹನಿಗಳನ್ನೂ ಚರಂಡಿಗೆ ಕೊಡವಿದರು. ಆಮೇಲೆ, ನನ್ನ ಕಡೆ ನೋಡದೆಯೇ, "ಡಾಕ್ಟ್ರು ಇಬ್ರಿಗೆ ಹೇಳಿದ್ರು" ಎಂದು ಬಾವಿಯ ಕಡೆಗೆ ನಡೆದರು.

ಹಿತ್ತಲಿಂದ ಗಡಗಡೆ ತಿರುಗುವ ಸದ್ದು, ನೀರು ಸೇದುವ ಮುದುಕರ ಏದುಸಿರು ಕೇಳಿಸುತ್ತಿತ್ತು.