ಹದಿನಾಲ್ಕು ಮಿನುಗು

ಷಡ್ಡಕನ ಮನೆಯ ಹಜಾರದ ಚಾವಣಿಗೆ ತಟ್ಟೆಯಗಲದ ಬಿಳೀ ಡಬ್ಬಿಯೊಂದು ಅಂಟಿಕೊಂಡಿದ್ದು ಪುಸ್ತಕಕ್ಕೆ ರಟ್ಟು ಕಟ್ಟುವ ಬೈಂಡರನ ಕಣ್ಣಿಗೆ ಬಿದ್ದದ್ದು ಗುರುವಾರ ಸಂಜೆ. ಅಲ್ಲಿಯವರೆಗೆ ಅವನು ತಕ್ಕಮಟ್ಟಿಗೆ ಸುಖವಾಗಿಯೇ ಇದ್ದ.

ಅದೇನೆಂದು ಕೇಳಿದ್ದೇ ತಪ್ಪಾಯಿತು. ಷಡ್ಡಕ ಲಿಫ್ಟ್ ಕಂಪನಿಯಲ್ಲಿ ತಪಾಸಣೆ ಕೆಲಸದವನು. ಯಾವುದರ ಬಗ್ಗೆ ಕೇಳಿದರೂ ನೆಲಮಹಡಿಯಿಂದ ಶುರುಮಾಡಿ ಪ್ರತಿ ಮಹಡಿಯಲ್ಲೂ ನಿಂತು ನಿಂತು ಮೇಲೆ ಹೋಗುವುದು ಅವನ ರೂಢಿ. ಇದು ಹೊಗೆ ಪತ್ತೆ ಮಾಡುವ ಡಿಟೆಕ್ಟರ್, ಮನೆಯಲ್ಲಿ ಇಂಥವು ಆರಿವೆ, ತಂತಿ ಗಿಂತಿ ಏನೂ ಇಲ್ಲ, ಆದರೂ ಒಂದಕ್ಕೊಂದು ಮಾತಾಡಿಕೊಳ್ಳುತ್ತವೆ, ಅಡುಗೆಮನೆಯದಕ್ಕೆ ಹೊಗೆ ತಗುಲಿದರೆ ಮಲಗುವ ಕೋಣೆಯದೂ ಕಿರುಚಿಕೊಳ್ಳುತ್ತದೆ ಎಂದೆಲ್ಲ ಅರ್ಧ ಗಂಟೆ ವಿವರಿಸಿದ. ಬೈಂಡರನ ಹೆಂಡತಿ ಕಣ್ಣರಳಿಸಿಕೊಂಡು ಕೇಳಿದಳು. ಮನೆಗೆ ಬಂದು ಚಪ್ಪಲಿ ಬಿಡುತ್ತಾ, “ಭಾವಂಗೆ ಎಷ್ಟು ಮುಂದಾಲೋಚನೆ ನೋಡಿ,” ಎಂದಳು. ಅವಳು ಹೇಳಿದ್ದು ಅಷ್ಟೇ. ಅಂದು ಬೈಂಡರನಿಗೆ ಊಟ ಸೇರಲಿಲ್ಲ.

ಅಕ್ಕತಂಗಿಯರ ಎರಡು ಮನೆಗಳೂ ಒಂದೇ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದವು. ಇದರಿಂದ ಪ್ರೀತಿ ಹೆಚ್ಚುತ್ತದೆಂದು ಮದುವೆಯ ಹೊಸದರಲ್ಲಿ ಯಾರೋ ಹೇಳಿದ್ದರು. ಹೆಚ್ಚಿದ್ದು ಬೇರೆಯೇ. ಷಡ್ಡಕ ಎರಡು ಬಾಗಿಲಿನ ಫ್ರಿಜ್ ತಂದ ದಿನದಿಂದ ಬೈಂಡರನ ಹಳೆಯ ಫ್ರಿಜ್ ವಿಪರೀತ ಗೊರಕೆ ಹೊಡೆಯತೊಡಗಿತು. ಷಡ್ಡಕ ಕಿಟಕಿಗೆ ಹೊಸ ಪರದೆ ಹಾಕಿದರೆ ಬೈಂಡರನ ಪರದೆ ರಾತ್ರೋರಾತ್ರಿ ಮಾಸಿ ಹೋಗುತ್ತಿತ್ತು. ಹೊಟ್ಟೆಕಿಚ್ಚು ಎಂದರೆ ಅವನು ಒಪ್ಪುತ್ತಿರಲಿಲ್ಲ, ಬರೀ ಸಂಕಟ ಎನ್ನುತ್ತಿದ್ದ.

ಈ ಸಲದ ಸಂಕಟಕ್ಕೆ ದೊಡ್ಡ ಕಾರಣವೇ ಇತ್ತು. ಭಾನುವಾರ ಮಾವ ಬರುವವರಿದ್ದರು. ಮಾವ ಮೂವತ್ತನಾಲ್ಕು ವರ್ಷ ಬೆಂಕಿ ಆರಿಸಿ, ಅಗ್ನಿಶಾಮಕ ಠಾಣೆಯ ಮುಖ್ಯಸ್ಥರಾಗಿ ನಿವೃತ್ತರಾದವರು. ಬೀಳ್ಕೊಡುವಾಗ ಠಾಣೆಯವರು ಕೊಟ್ಟ ಹಿತ್ತಾಳೆಯ ಹೆಲ್ಮೆಟ್ ಒಂದು ಅವರ ಬಳಿ ಇತ್ತು. ಎರಡೂ ಮನೆ ನೋಡುತ್ತೇನೆ, ಯಾರ ಮನೆ ಬೆಂಕಿಗೆ ಹೆಚ್ಚು ಭದ್ರವೋ ಆ ಅಳಿಯನಿಗೆ ಹೆಲ್ಮೆಟ್ ಎಂದು ಅವರು ಫೋನಿನಲ್ಲಿ ಸಾರಿದ್ದರು. ಬೈಂಡರನಿಗೆ ಹೆಲ್ಮೆಟ್‌ನಿಂದ ಆಗಬೇಕಾದ್ದು ಏನೂ ಇರಲಿಲ್ಲ. ಆದರೆ ಹನ್ನೊಂದು ವರ್ಷದಲ್ಲಿ ಮಾವನ ಬಾಯಿಂದ ಅವನಿಗೆ ಒಂದು ಒಳ್ಳೆಯ ಮಾತು ಬಂದಿರಲಿಲ್ಲ. ಅವನು ಚಿನ್ನದ ಅಕ್ಷರ ಒತ್ತಿ ಕಟ್ಟಿದ್ದ ಆರು ಸಂಪುಟದ ನಿಘಂಟನ್ನು ಒಮ್ಮೆ ತೋರಿಸಿದಾಗ ಅವರು ಕೈಯಲ್ಲಿ ತೂಗಿ ನೋಡಿ, “ಚೆನ್ನಾಗಿ ಉರಿಯುತ್ತೆ,” ಎಂದಿದ್ದರು. ಆ ಹೆಲ್ಮೆಟ್ ತನ್ನ ಗೋಡೆಯ ಮೇಲಿರಬೇಕು, ಷಡ್ಡಕ ಬಂದು ಅದನ್ನು ತಲೆಯೆತ್ತಿ ನೋಡಬೇಕು. ಇಷ್ಟು ಆದರೆ ಈ ಜನ್ಮಕ್ಕೆ ಸಾಕು ಎಂದು ಅವನಿಗೆ ಅನ್ನಿಸಿತ್ತು.

ಶನಿವಾರ ಅವನು ಷಡ್ಡಕ ಕೊಂಡ ಅಂಗಡಿಗೇ ಹೋಗಿ ಅದೇ ಕಂಪನಿಯ ಡಿಟೆಕ್ಟರ್ ತಂದ. ಷಡ್ಡಕನ ಹತ್ತಿರ ಆರು, ಆದ್ದರಿಂದ ಇವನು ಏಳು. ಪೆಟ್ಟಿಗೆಯನ್ನು ಷಡ್ಡಕನ ಕಿಟಕಿಗೆ ಕಾಣುವಂತೆ ಎದೆಗವಚಿಕೊಂಡು ನಿಧಾನವಾಗಿ ನಡೆದು ಬಂದ. ಕಿಟಕಿಯ ಹೊಸ ಪರದೆ ಸ್ವಲ್ಪ ಅಲುಗಿದ್ದು ನೋಡಿ ಸಮಾಧಾನವಾಯಿತು.

ಭಾನುವಾರ ಬೆಳಿಗ್ಗೆ ಬೈಂಡರನ ಹೆಂಡತಿ ಅಕ್ಕನ ಮನೆಗೆ ಅಡುಗೆಗೆ ನೆರವಾಗಲು ಹೊರಟಳು. ದೊಡ್ಡ ಮಗಳ ಮನೆ ಮೊದಲು ಎಂಬ ಲೆಕ್ಕದಲ್ಲಿ ಮಾವನ ಊಟ ಅಲ್ಲಿ, ಆಮೇಲೆ ಕಾಫಿ ಇಲ್ಲಿ ಎಂದು ಗೊತ್ತಾಗಿತ್ತು. ಬೈಂಡರ್ ಏಣಿ ಹಾಕಿದ. ಏಣಿಯ ಸದ್ದಿಗೆ ಎದುರುಮನೆಯ ಡ್ರಾಯಿಂಗ್ ಮೇಷ್ಟ್ರು ಅಡಿಕೋಲು ಹಿಡಿದುಕೊಂಡೇ ಬಂದರು. ಕರೆಯದಿದ್ದರೂ ಬರುವುದು ಅವರ ದೊಡ್ಡಗುಣ. ಡಬ್ಬಿ ಚಾವಣಿಯ ನಟ್ಟನಡುವೆ ಇರಬೇಕು, ಮೂಲೆಯಲ್ಲಿ ಗಾಳಿ ಆಡುವುದಿಲ್ಲ, ಫ್ಯಾನಿನ ಪಕ್ಕ ಬೇಡವೇ ಬೇಡ ಎಂದರು. ಹಜಾರದ ನಟ್ಟನಡುವೆ ಇದ್ದದ್ದೇ ಫ್ಯಾನು. ಬೈಂಡರ್ ಮೂರು ಸಲ ಏಣಿ ಸರಿಸಿ, ನಾಲ್ಕು ತೂತು ಕೊರೆದು, ಕೊನೆಗೆ ಮೊದಲ ತೂತಿಗೇ ಡಬ್ಬಿ ಕೂರಿಸಿದ. ಮೇಷ್ಟ್ರು ಅದು ಅರ್ಧ ಅಂಗುಲ ಎಡಕ್ಕೆ ಹೋಯಿತೆಂದು ಬೇಸರಪಟ್ಟುಕೊಂಡು ಹೋದರು.

ಇನ್ನು ಏಳನ್ನೂ ಒಂದು ಗುಂಪು ಮಾಡಬೇಕಿತ್ತು. ಒಂದರ ಗುಂಡಿ ಒತ್ತಿ ಹಿಡಿದರೆ ಅದು ಜೊತೆಗಾರರನ್ನು ಹುಡುಕುತ್ತದೆ, ಎರಡು ನಿಮಿಷದೊಳಗೆ ಉಳಿದವುಗಳ ಗುಂಡಿ ಒತ್ತಿದರೆ ಎಲ್ಲವೂ ಸೇರಿಕೊಳ್ಳುತ್ತವೆ, ಆಮೇಲೆ ಗುಂಪಿನಲ್ಲಿ ಎಷ್ಟಿವೆಯೋ ಅಷ್ಟು ಸಲ ಕೆಂಪು ದೀಪ ಮಿನುಗುತ್ತದೆ ಎಂದು ಪುಸ್ತಕದಲ್ಲಿ ಬರೆದಿತ್ತು. ಬೈಂಡರ್ ಕೋಣೆಯಿಂದ ಕೋಣೆಗೆ ಏಣಿ ಹೊತ್ತು ಓಡಿ ಏಳನ್ನೂ ಒತ್ತಿದ. ಏದುಸಿರು ಬಿಡುತ್ತಾ ದೀಪ ಎಣಿಸಿದ. ಹದಿನಾಲ್ಕು ಸಲ ಮಿನುಗಿತು. ಒಳ್ಳೆಯ ಮಾಲು, ಕೊಂಚ ಧಾರಾಳವಾಗಿಯೇ ಮಿನುಗುತ್ತದೆ ಎಂದುಕೊಂಡ.

ಗೋಡೆಯ ಆಚೆ ಷಡ್ಡಕನೂ ಅದೇ ಗಳಿಗೆಯಲ್ಲಿ ಏಣಿಯ ಮೇಲೆ ನಿಂತಿದ್ದ. ಶನಿವಾರ ಇವನ ಪೆಟ್ಟಿಗೆಯಲ್ಲಿ ಏಳನ್ನು ಎಣಿಸಿದವನು, ತಾನೂ ಹೋಗಿ ಏಳನೆಯದು ತಂದು ಗುಂಪಿಗೆ ಸೇರಿಸುತ್ತಿದ್ದ. ಅದು ಬೈಂಡರನಿಗೆ ಗೊತ್ತಿರಲಿಲ್ಲ.

ಹನ್ನೊಂದಕ್ಕೆ ಮಾವ ಬಂದರು. ಕೈಯಲ್ಲಿ ಒಂದು ಟ್ರಂಕು. ಹೆಲ್ಮೆಟ್ ಇಡಲು ಅಷ್ಟು ದೊಡ್ಡ ಟ್ರಂಕು ಯಾಕೆಂದು ಬೈಂಡರನಿಗೆ ಕಿಟಕಿಯಲ್ಲಿ ನಿಂತು ಒಮ್ಮೆ ಅನ್ನಿಸಿತು. ಷಡ್ಡಕ ಓಡಿ ಬಂದು ಅದನ್ನು ಇಸಿದುಕೊಂಡ ರೀತಿ ನೋಡಿ ಮೈ ಉರಿದು ಆ ಯೋಚನೆ ಅಲ್ಲಿಗೇ ಬಿಟ್ಟುಹೋಯಿತು. ಊಟಕ್ಕೆ ಕರೆ ಬಂದಾಗ ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಕಳಿಸಿದ. ಅದೇನೂ ಸುಳ್ಳಲ್ಲ.

ಮನಸ್ಸು ತಡೆಯದೆ ಕೆಲಸದ ಕೋಣೆಗೆ ಹೋಗಿ ಕೂತ. ಲೈಬ್ರರಿಯ ಹಳೆಯ ಅಟ್ಲಾಸ್ ಒಂದನ್ನು ಹಲಗೆಗೆ ಬಿಗಿದು ಅದರ ಅಂಚನ್ನು ಉಪ್ಪುಕಾಗದದಿಂದ ತಿಕ್ಕತೊಡಗಿದ. ಷಡ್ಡಕನ ನೆನಪಿನಲ್ಲಿ ತಿಕ್ಕಿದ್ದರಿಂದ ಎಂದಿಗಿಂತ ಜೋರಾಗಿಯೇ ತಿಕ್ಕಿದ. ಕಾಗದದ ಧೂಳು ಮೇಲೆದ್ದು ಡಬ್ಬಿಯ ಸಂದಿಗೆ ನುಗ್ಗಿತು. ಅದು ಕಿವಿ ಕಿತ್ತುಹೋಗುವಂತೆ ಕಿರುಚಿತು. ಉಳಿದ ಆರೂ ದನಿಗೂಡಿಸಿದವು. ಬೈಂಡರ್ ಏಣಿ ಹತ್ತಿ ಗುಂಡಿ ಒತ್ತಿ ಬಾಯಿ ಮುಚ್ಚಿಸುವಷ್ಟರಲ್ಲಿ ಬೆವೆತುಹೋದ. ಮೇಷ್ಟ್ರು ತಮ್ಮ ಬಾಗಿಲಿನಿಂದಲೇ ಅರ್ಧ ಅಂಗುಲದ ವಿಷಯ ನೆನಪಿಸಿದರು.

ಡಬ್ಬಿಯ ಧೂಳು ತೆಗೆಯಲು ಮೆತ್ತನೆಯ ಬ್ರಷ್ಷು ಆಡಿಸಿದ. ಒಳಗಿನ ಧೂಳು ಕದಲಿ ಅದು ಇನ್ನೊಮ್ಮೆ ಕೂಗಿತು. ಈ ಸಲ ಕಿಟಕಿ ತೆರೆದಿತ್ತು. ಷಡ್ಡಕ ಒದ್ದೆ ಟವೆಲ್ ಬೀಸಿಕೊಂಡು ಅಂಗಳಕ್ಕೂ ಒಳಕ್ಕೂ ಓಡಾಡುತ್ತಿದ್ದುದು ಕಂಡಿತು. ಅವನ ಮನೆಯೂ ಇದೇ ರಾಗದಲ್ಲಿ ಕೂಗುತ್ತಿತ್ತು. ಬೈಂಡರ್ ಗುಂಡಿ ಒತ್ತಿದ, ಇಲ್ಲಿ ನಿಂತಿತು. ಅಲ್ಲಿಯೂ ನಿಂತಿತು.

ಹದಿನಾಲ್ಕು ಮಿನುಗು. ಏಳು ಇವನದು, ಏಳು ಅವನದು.

ಬೈಂಡರ್ ಏಣಿಯ ಮೆಟ್ಟಿಲ ಮೇಲೆಯೇ ಕೂತುಬಿಟ್ಟ. ಮಾವ ಅಲ್ಲಿ ಊಟಕ್ಕೆ ಕೂರುತ್ತಿದ್ದಾರೆ. ಬೆಂಕಿಯಿಲ್ಲದ ಕರೆ ಎಂದರೆ ಮಾವನಿಗೆ ಆಗುವುದಿಲ್ಲ. ಸುಳ್ಳು ಕರೆ ಮಾಡಿದ ಹೋಟೆಲಿನವನೊಬ್ಬನನ್ನು ಅವರು ಪೈಪಿನಲ್ಲಿ ತೋಯಿಸಿ ಬಂದ ಕತೆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಅವನ ಮುಖದ ಮೇಲೆ ಗುರುವಾರದಿಂದ ಕಾಣದಿದ್ದ ನಗೆ ಮೂಡಿತು.

ಅವನು ಆರು ಡಬ್ಬಿಗಳ ಬ್ಯಾಟರಿ ತೆಗೆದು ಜೇಬಿಗೆ ಹಾಕಿಕೊಂಡ. ಮಲಗುವ ಕೋಣೆಯ ಏಳನೆಯದನ್ನು ಚಾವಣಿಯಿಂದ ಬಿಚ್ಚಿ, ರಜಾಯಿಯಲ್ಲಿ ನಾಲ್ಕು ಸುತ್ತು ಸುತ್ತಿ ಮಂಚದ ಮೇಲೆ ಮಲಗಿಸಿ, ತಾನೂ ಅದರ ಪಕ್ಕ ಮಲಗಿದ. ಗೋಡೆಯ ಆಚೆ ತಟ್ಟೆ ಇಟ್ಟ ಸದ್ದಾಯಿತು. ಕೈ ಒಳಗೆ ತೂರಿಸಿ ಪರೀಕ್ಷೆಯ ಗುಂಡಿ ಒತ್ತಿದ. ರಜಾಯಿಯೊಳಗೆ ಸೊಳ್ಳೆಯಷ್ಟು ಸದ್ದು. ಗೋಡೆಯ ಆಚೆ ಏಳು ಡಬ್ಬಿಗಳು ಒಟ್ಟಿಗೆ ಅರಚಿದವು. ಕುರ್ಚಿ ಬಿದ್ದ ಸದ್ದು, ಲೋಟ ಉರುಳಿದ ಸದ್ದು ಕೇಳಿಸಿತು. ಎಲ್ಲರೂ ಮತ್ತೆ ಊಟಕ್ಕೆ ಕೂರುವಷ್ಟು ಹೊತ್ತು ಬಿಟ್ಟು ಇನ್ನೊಮ್ಮೆ ಒತ್ತಿದ. ಷಡ್ಡಕ ತಡವರಿಸುತ್ತಾ ಏನೋ ಸಮಜಾಯಿಷಿ ಹೇಳುತ್ತಿದ್ದುದು ಗೋಡೆಗೆ ಕಿವಿಯಿಟ್ಟರೆ ಕೇಳುತ್ತಿತ್ತು. ಇಷ್ಟು ಇಂಪಾದದ್ದನ್ನು ಬೈಂಡರ್ ಬಹಳ ದಿನದಿಂದ ಕೇಳಿರಲಿಲ್ಲ. ಮೂರನೆಯ ಸಲ ಒತ್ತಿದಾಗ ಮಾವ ಸೀಟಿ ಊದಿದ ಸದ್ದಾಯಿತು, ಎಲ್ಲರೂ ಹೊರಗೋಡಿದರು, ಆಮೇಲೆ ನಿಶ್ಶಬ್ದ.

ಅರ್ಧ ಗಂಟೆಯ ಮೇಲೆ ಹೆಂಡತಿ ಓಡಿಬಂದಳು. ಬೈಂಡರ್ ಮುಖವನ್ನು ಕಷ್ಟಪಟ್ಟು ಸಪ್ಪಗೆ ಮಾಡಿಕೊಂಡು, ಪಾಪ, ಏನಾಯಿತು ಎಂದು ಕೇಳಿದ.

“ಅಯ್ಯೋ, ದೊಡ್ಡ ಗಂಡಾಂತರ ತಪ್ಪಿತು ಕಣ್ರೀ,” ಎಂದಳು ಅವಳು. ಯಂತ್ರ ಐದು ಸಲ ಕೂಗಬೇಕಾದರೆ ಸುಮ್ಮನೆ ಕೂಗಿರುವುದಿಲ್ಲ ಎಂದು ಅಪ್ಪ ಎಲ್ಲರನ್ನೂ ಬೀದಿಗೆ ಕಳಿಸಿ, ಗೋಡೆಗೋಡೆಯನ್ನೂ ಮೂಸಿ ನೋಡಿದರಂತೆ. ಎರಡು ಬಾಗಿಲಿನ ಫ್ರಿಜ್ಜನ್ನು ಎಳೆದು ನೋಡಿದರೆ ಹಿಂದಿನ ಪ್ಲಗ್ಗು ಕರಗಿ ಕಪ್ಪಗಾಗಿತ್ತಂತೆ. ಇನ್ನೊಂದು ಗಂಟೆ ಬಿಟ್ಟಿದ್ದರೆ ಪರದೆಗೆ ಹತ್ತಿ ಮನೆ ಹೋಗುತ್ತಿತ್ತಂತೆ. ಹೊಗೆ ಏಳುವುದಕ್ಕೂ ಮೊದಲೇ ಪತ್ತೆ ಹಚ್ಚುವ ಡಿಟೆಕ್ಟರನ್ನು ತಮ್ಮ ಇಡೀ ಸರ್ವೀಸಿನಲ್ಲಿ ನೋಡಿಲ್ಲವೆಂದು ಅಪ್ಪ ಭಾವನ ಬೆನ್ನು ತಟ್ಟಿದರಂತೆ. ಬೀದಿಯಲ್ಲಿ ನಿಂತೇ ಹೆಲ್ಮೆಟ್ ಕೊಟ್ಟುಬಿಟ್ಟರಂತೆ.

ಆ ಮನೆ ಉಳಿಸಿದ್ದು ಬೈಂಡರನ ಬೆರಳು. ನ್ಯಾಯವಾಗಿ ಹೆಲ್ಮೆಟ್ ಆ ಬೆರಳಿಗೆ ಸೇರಬೇಕು. ಹೇಳಿಬಿಡಲೇ ಎಂದು ಎದ್ದ. ಯಾಕೆ ಒತ್ತಿದೆ ಎಂದು ಮಾವ ಕೇಳಿದರೆ ಏನು ಹೇಳುವುದೆಂದು ಯೋಚಿಸಿ ಕೂತ.

“ಕೂರಬೇಡಿ, ಅಪ್ಪ ಇಲ್ಲಿಗೇ ಬರ್ತಿದಾರೆ,” ಎಂದಳು ಹೆಂಡತಿ.

ಹನ್ನೆರಡು ಬ್ಯಾಟರಿ ಜೇಬಿನಲ್ಲಿದ್ದವು. ಅವಸರದಲ್ಲಿ ಕೈ ಹಾಕಿದರೆ ನಾಲ್ಕು ಸಿಕ್ಕವು, ಎಂಟು ನೆಲಕ್ಕೆ ಬಿದ್ದು ಸೋಫಾದ ಅಡಿಗೆ ಉರುಳಿದವು. ಬೈಂಡರ್ ಸೋಫಾದ ಕೆಳಗೆ ಅರ್ಧ ಹೋಗಿದ್ದಾಗ ಮಾವನ ಬೂಟುಗಳು ಒಳಗೆ ಬಂದವು. ಹಿಂದೆ ಷಡ್ಡಕನ ಚಪ್ಪಲಿ, ಅದರ ಹಿಂದೆ ಮೇಷ್ಟ್ರ ಅಡಿಕೋಲಿನ ತುದಿ.

ಮಾವ ಕಾಗದದ ಸುರುಳಿಗೆ ಕಡ್ಡಿ ಗೀರಿ, ಆರಿಸಿ, ಹೊಗೆಯನ್ನು ಹಜಾರದ ಡಬ್ಬಿಗೆ ಹಿಡಿದರು. ಸದ್ದಿಲ್ಲ. ಅಡುಗೆಮನೆಯದೂ ಸುಮ್ಮನಿತ್ತು. ಕೆಲಸದ ಕೋಣೆಯಲ್ಲಿ ಕಾಗದದ ರಾಶಿ, ಬಟ್ಟೆಯ ತುಂಡು, ಅಂಟಿನ ಡಬ್ಬ ನೋಡಿ ಒಂದು ನಿಟ್ಟುಸಿರು ಬಿಟ್ಟರು. ಮಲಗುವ ಕೋಣೆಯ ಚಾವಣಿಯಲ್ಲಿ ಬರಿಯ ಸ್ಕ್ರೂ ಕಂಡಿತು. ಮಂಚದ ಮೇಲಿನ ರಜಾಯಿಯ ಗಂಟನ್ನು ಬಿಚ್ಚಿದರು. ಡಬ್ಬಿಯ ಪುಟ್ಟ ದೀಪ ಅವರನ್ನು ನೋಡಿ ಮಿನುಗಿತು.

“ಇದಕ್ಕೇನು ಚಳಿಜ್ವರವಾ?” ಎಂದು ಕೇಳಿದರು.

ಷಡ್ಡಕನ ಕಂಕುಳಲ್ಲಿ ಹೆಲ್ಮೆಟ್ ಫಳಫಳ ಹೊಳೆಯುತ್ತಿತ್ತು. ಅದರ ಮೇಲೆ ಬೈಂಡರನ ಮುಖ ಉದ್ದಕ್ಕೆ ಎಳೆದಂತೆ ಕಾಣುತ್ತಿತ್ತು.

ಮಾವ ತಾವೇ ಏಣಿ ಹತ್ತಿ ಆರಕ್ಕೂ ಬ್ಯಾಟರಿ ಹಾಕಿ, ಏಳನೆಯದನ್ನು ಸ್ವಸ್ಥಾನಕ್ಕೆ ಸೇರಿಸಿದರು. ಆಮೇಲೆ ಷಡ್ಡಕನಿಗೆ ಹೇಳಿ ಟ್ರಂಕು ತರಿಸಿದರು. ಅದರಲ್ಲಿ ಬಟ್ಟೆ, ಟಾರ್ಚು, ಹಗ್ಗ, ಎರಡು ಸೀಟಿ ಮತ್ತು ಸಣ್ಣದೊಂದು ಕೊಡಲಿ ಇದ್ದವು.

“ಯಾವ ಮನೇಲಿ ಇರೋದು ಅಂತ ನೋಡೋಕೇ ಬಂದಿದ್ದೆ,” ಎಂದರು. “ದೊಡ್ಡೋನ ಮನೇಲಿ ನಂಗೇನು ಕೆಲಸ? ಅವನ ಯಂತ್ರವೇ ಎಲ್ಲ ನೋಡ್ಕೊಳ್ಳುತ್ತೆ. ನಾನು ಬೇಕಾಗಿರೋದು ಇಲ್ಲಿ.”

ಹೆಂಡತಿ ಸಂತೋಷದಿಂದ ಕಣ್ಣೊರೆಸಿಕೊಂಡಳು. ಷಡ್ಡಕನ ಮುಖದಲ್ಲಿಯೂ ಸಂತೋಷವಿತ್ತು, ಅದು ಸ್ವಲ್ಪ ಜಾಸ್ತಿಯೇ ಇತ್ತು. ಅವನು ಹೆಲ್ಮೆಟ್ ತೂಗುಹಾಕಬೇಕೆಂದು ಹೇಳಿ ಬೇಗಬೇಗ ಹೊರಟುಹೋದ. ಮಾವ ಕೆಲಸದ ಕೋಣೆಯನ್ನು ತಮಗೆಂದು ಆರಿಸಿಕೊಂಡು, ಅಟ್ಲಾಸನ್ನು ಎರಡೇ ಬೆರಳಲ್ಲಿ ಹಿಡಿದು ಆಚೆ ಇಟ್ಟರು.

ಸ್ವಲ್ಪ ಹೊತ್ತಿಗೆ ಗೋಡೆಯ ಆಚೆಯಿಂದ ಸುತ್ತಿಗೆಯ ಸದ್ದು ಶುರುವಾಯಿತು. ಷಡ್ಡಕ ಮೊಳೆ ಹೊಡೆಯುತ್ತಿದ್ದ, ಅದೂ ಇದೇ ಗೋಡೆಗೆ. ಒಂದೊಂದು ಏಟಿಗೂ ಬೈಂಡರನ ಕಡೆಯ ಗಾರೆ ಪುಡಿಪುಡಿಯಾಗಿ ಉದುರಿತು. ಆ ಪುಡಿ ಎದ್ದು ಮಲಗುವ ಕೋಣೆಯ ಡಬ್ಬಿಗೆ ಹೊಕ್ಕಿತು. ಹದಿನಾಲ್ಕೂ ಒಟ್ಟಿಗೆ ಕಿರುಚಿದವು.

ಮಾವ ಸೀಟಿ ಊದಿದರು. ಎರಡೂ ಮನೆಯವರು ಬೀದಿಗೆ ಬಂದು ಸಾಲಾಗಿ ನಿಂತರು. ಷಡ್ಡಕ ಗಾಬರಿಯಲ್ಲಿ ಹೆಲ್ಮೆಟ್ಟನ್ನು ತಲೆಗೇ ಹಾಕಿಕೊಂಡು ಬಂದಿದ್ದ. ಅದು ಅಳತೆ ತೆಗೆದು ಮಾಡಿಸಿದಂತೆ ಕೂತಿತ್ತು. ಬೈಂಡರ್ ಕೈಗೆ ಸಿಕ್ಕ ರಜಾಯಿ ಹೊದ್ದು ಬಂದಿದ್ದ.

ಮಾವ ಗಡಿಯಾರ ನೋಡಿದರು. ದೊಡ್ಡಳಿಯ ಒಂದು ನಿಮಿಷದಲ್ಲಿ ಹೊರಗೆ ಬಂದ, ಸಣ್ಣವನಿಗೆ ಮೂರು ನಿಮಿಷ ಹಿಡಿಯಿತು ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ನಾಳೆ ಬೆಳಿಗ್ಗೆ ಆರಕ್ಕೆ ಇವನೊಬ್ಬನಿಗೇ ಮತ್ತೆ ಅಭ್ಯಾಸ ಎಂದು ಹೇಳಿ, ಸೀಟಿಯನ್ನು ಜೇಬಿಗೆ ಹಾಕಿಕೊಂಡು ಬೈಂಡರನ ಮನೆಯೊಳಗೆ ಹೋದರು.