ಕುಸುಬಿ ಎಣ್ಣೆ ಕುಡಿದ ಕಾರು

ಸಿಂದಗಿಯ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದ ಸಂಜೀವಕುಮಾರನ ಸಂಸಾರ ಅವತ್ತು ಒಂದು ಕೇಬಲ್ಲಿಗೆ ಜೋತುಬಿದ್ದಿತ್ತು. ಅವನ ಹಳೆಯ ಕಾರಿನ ಬಾನೆಟ್ ತೆರೆಯುವ ಕೇಬಲ್ಲು. ಸ್ಟಿಯರಿಂಗಿನ ಕೆಳಗಿದ್ದ ಕರಿ ಗುಂಡಿ ಎಳೆದರೆ ಬಾನೆಟ್ ಟಕ್ಕೆಂದು ಬಿಚ್ಚಿಕೊಳ್ಳಬೇಕು. ಈಗೀಗ ಎಳೆದರೆ ಎಳೆದವನ ನಡವೇ ಟಕ್ಕೆನ್ನುತ್ತಿತ್ತು.

ತಿಂಗಳ ಹಿಂದೆ ಹೆಂಡತಿ ರೇಣುಕಾಳ ಚಿಕ್ಕಪ್ಪನ ಮಗಳ ಮದುವೆಗೆಂದು ಬಸವನ ಬಾಗೇವಾಡಿಗೆ ಹೊರಟಾಗ ನಡುದಾರಿಯಲ್ಲಿ ಇಂಜಿನ್ ಕುದ್ದು ಹೊಗೆ ಎದ್ದಿತ್ತು. ನೀರು ಹಾಕೋಣವೆಂದರೆ ಬಾನೆಟ್ ಬಿಚ್ಚಲಿಲ್ಲ. ದಾರಿಹೋಕರು ನಾಲ್ಕು ಜನ ಎಳೆದರು. ಒಬ್ಬ ಮಿಸ್ತ್ರಿ ಬಂದು ನೋಡಿ ಕೈಮುಗಿದು ಹೋದ. ರೇಷ್ಮೆ ಸೀರೆಯಲ್ಲೇ ಕಾರನ್ನು ಬೇವಿನ ನೆರಳಿನ ತನಕ ನೂಕಿದ ರೇಣುಕಾ, ಮುಹೂರ್ತ ಮುಗಿದು ಅಕ್ಕಿಕಾಳು ಬಿದ್ದ ಮೇಲೆ ಮಂಟಪ ಸೇರಿದಳು. ಊಟದ ಪಂಕ್ತಿಯ ಉದ್ದಕ್ಕೂ ಗಂಡನ ಕಾರಿನ ಕತೆ ಹೇಳಿ ಮುಗಿಸಿ, ಅಲ್ಲಿಂದಲೇ ಮುದ್ದೇಬಿಹಾಳದ ತವರಿಗೆ ಹೋಗಿಬಿಟ್ಟಳು. ಹೋಗುವಾಗ "ಅಂಗಳದಾಗ ಅದರ ಇರಬೇಕು, ಇಲ್ಲಾ ನಾನರ ಇರಬೇಕು" ಎಂದಿದ್ದಳು.

ಇವತ್ತು ಸಂಜೆ ಐದರ ಬಸ್ಸಿಗೆ ಬರುತ್ತೇನೆಂದು ಫೋನ್ ಮಾಡಿದ್ದಳು. ಪುಣ್ಯಕ್ಕೆ ಮೋರಟಗಿಯ ದೊಡ್ಡ ರೈತ ರೇವಣಪ್ಪನೂ ಫೋನ್ ಮಾಡಿ, ನಾಲ್ಕಕ್ಕೆ ಕಾರು ನೋಡಲು ಬರುತ್ತೇನೆ, ಮನಸ್ಸಿಗೆ ಬಂದರೆ ಹೊಡೆದುಕೊಂಡೇ ಹೋಗುತ್ತೇನೆ ಅಂದಿದ್ದ. ಕಾರು ಹೋದರೆ ಹೆಂಡತಿ ಉಳಿದಳು. ಸಂಜೀವಕುಮಾರ ಬೆಳಿಗ್ಗೆ ಆರಕ್ಕೇ ಇಸ್ತ್ರಿ ಅಂಗಿ ತೊಟ್ಟು ಅಂಗಳದಲ್ಲಿ ಶತಪಥ ಹಾಕತೊಡಗಿದ.

ಪಕ್ಕದ ಮನೆಯ ಚನ್ನಬಸಯ್ಯ ರಿಟಾಯರ್ಡ್ ಬಸ್ ಕಂಡಕ್ಟರು. ಬೇರೆಯವರ ನೆಮ್ಮದಿ ಕಂಡರೆ ಅವರಿಗೆ ಚಹಾ ಇಳಿಯುವುದಿಲ್ಲ.

"ಕೊಳ್ಳಾಂವ ಮೊದಲ ಬಾನೆಟ್ ತಗಸ್ತಾನ ನೋಡು. ಸಂತ್ಯಾಗ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡೂದಿಲ್ಲೇನು?"

ಸಂಜೀವಕುಮಾರನಿಗೆ ಇದು ಹೊಳೆದೇ ಇರಲಿಲ್ಲ. ಓಡಿಹೋಗಿ ಗುಂಡಿ ಎಳೆದ. ಚನ್ನಬಸಯ್ಯ "ರೈಟ್, ರೈಟ್" ಅನ್ನುತ್ತ ಅವನ ಸೊಂಟ ಹಿಡಿದು ಎಳೆದರು. ಅಂಗಿಯ ಎರಡು ಗುಂಡಿ ಕಿತ್ತು ಬಂದವು, ಕಾರಿನ ಗುಂಡಿ ಮಾತ್ರ ಕದಲಲಿಲ್ಲ.

ಎದುರು ಮನೆಯ ಗುಂಡವ್ವ ಎಣ್ಣೆಯ ವಾಟಗ ಹಿಡಿದು ಬಂದಳು. "ಶಿವರಾತ್ರಿಗೆ ಕೊಟ್ಟಿದ್ನಲ್ಲ ಕುಸುಬಿ ಎಣ್ಣಿ, ಅದಕ್ಕ ಇನ್ನೊಂದೀಟು ಬಿಡು. ನನ್ನ ಮೊಣಕಾಲು ಅದರ ಮ್ಯಾಲನ ನಡದಾವು."

ಈ ಮಾತು ಓಣಿಯ ತುದಿಯ ಸೈಕಲ್ ಅಂಗಡಿಯ ರಸೂಲಸಾಬರ ಕಿವಿಗೆ ಬಿತ್ತು. ಅವರು ಬಂದು ಕೇಬಲ್ಲಿನ ತುದಿಯನ್ನು ಉಗುರಿನಿಂದ ಕೆರೆದು ಮೂಸಿದರು.

"ಇದಕ್ಕ ಕುಸುಬಿ ಎಣ್ಣಿ ಕುಡಿಸೀರೇನ್ರಿ? ಅದು ಗಾಳಿಗೆ ಒಣಗಿ ಅಂಟಾಗ್ತೈತಿ. ಬಾಗಲಕ್ಕ ಹಚ್ಚೂ ವಾರ್ನಿಶ್ ಕೇಬಲ್ಲಿಗೆ ಹಚ್ಚೀರಲ್ಲ."

ಗುಂಡವ್ವ ವಾಟಗವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ನಾ ಕೊಟ್ಟೆ ಖರೆ. ಕಾರಿಗೆ ಹಾಕಂತ ಹೇಳಿದ್ನೇನು?"

"ಮೊದಲು ಚಿಮಣಿ ಎಣ್ಣಿ ಬಿಟ್ಟು ಅಂಟು ತೊಳೀರಿ. ಆಮ್ಯಾಲ ಮಿಷನ್ ಎಣ್ಣಿ ಬಿಡ್ರಿ. ಅವಸರ ಮಾಡಬ್ಯಾಡ್ರಿ" ಎಂದು ರಸೂಲಸಾಬರು ಹೋದರು. ಅವಸರ ಮಾಡಲು ಅವರ ಹೆಂಡತಿಯೇನು ಐದರ ಬಸ್ಸಿನಲ್ಲಿ ಬರುತ್ತಿರಲಿಲ್ಲವಲ್ಲ.

ಗುಂಡವ್ವನ ಸ್ಟೋವಿನಿಂದ ಚಿಮಣಿ ಎಣ್ಣೆ ಬಂತು. ಆದರೆ ಕೇಬಲ್ಲಿನ ಕೊಳವೆಯೊಳಗೆ ಅದು ಇಳಿಯಬೇಕಲ್ಲ. ಸಂಜೀವಕುಮಾರನಿಗೆ ತನ್ನ ಕಸುಬು ನೆನಪಾಯಿತು. ಎಮ್ಮೆಗೆ ಚುಚ್ಚುವ ದಪ್ಪ ಸಿರಿಂಜಿನಲ್ಲಿ ಎಣ್ಣೆ ತುಂಬಿ, ತಲೆ ಕಾರಿನೊಳಗೆ, ಕಾಲು ಹೊರಗೆ ಮಾಡಿ ಮಲಗಿ, ಕೇಬಲ್ಲಿಗೆ ಸೂಜಿ ಹಾಕಿದ.

"ಒದ್ದೀತು, ನೋಡಿಕೊಂಡ ಚುಚ್ಚು" ಎಂದರು ಚನ್ನಬಸಯ್ಯ.

ಕಾರು ಒದೆಯಲಿಲ್ಲ, ಉಗುಳಿತು. ಚಿಮಣಿ ಎಣ್ಣೆಯೆಲ್ಲ ಸಂಜೀವಕುಮಾರನ ಮುಖಕ್ಕೂ ಅಂಗಿಗೂ ಬಂತು. ಒರೆಸಿಕೊಂಡು ಮತ್ತೆ ಚುಚ್ಚಿದ. ಹನ್ನೊಂದಾಯಿತು, ಒಂದಾಯಿತು. ಊಟಕ್ಕೆ ಏಳಲಿಲ್ಲ. ನಿಮಿಷಕ್ಕೊಮ್ಮೆ ಗಡಿಯಾರ ನೋಡಿದ. ಎರಡಕ್ಕೆ ಗುಂಡಿ ಗೋಧಿಕಾಳಿನಷ್ಟು ಅಲುಗಿತು. ಮಿಷನ್ ಎಣ್ಣೆ ಏರಿಸಿದ, ಎಳೆದ, ಬಿಟ್ಟ, ಮತ್ತೆ ಎಳೆದ. ಮೂರೂವರೆಗೆ ಟಕ್ಕೆಂದಿತು.

ಬಾನೆಟ್ ಬಿಚ್ಚಿಕೊಂಡಿತು. ಸಂಜೀವಕುಮಾರನ ಕಣ್ಣಲ್ಲಿ ನೀರು ಬಂತು, ಚಿಮಣಿ ಎಣ್ಣೆಯ ಉರಿಯೂ ಅದರಲ್ಲಿತ್ತೆನ್ನಿ. ಮುಚ್ಚಿ ತೆಗೆದು, ಮುಚ್ಚಿ ತೆಗೆದು ನೋಡಿದ. ಗುಂಡವ್ವ ಕಿರಿಬೆರಳಿನಲ್ಲಿ ಎಳೆದಳು, ಆಗಲೂ ಬಿಚ್ಚಿತು.

ನಾಲ್ಕಕ್ಕೆ ಬರಬೇಕಾದ ರೇವಣಪ್ಪನ ಜೀಪು ಐದಕ್ಕೆ ಹತ್ತು ನಿಮಿಷ ಇರುವಾಗ ಬಂತು. ಅವನು ಕಾಲು ನೆಲಕ್ಕಿಡುವ ಮೊದಲೇ ಸಂಜೀವಕುಮಾರ ಎಳೆದುಕೊಂಡು ಹೋಗಿ ಗುಂಡಿ ತೋರಿಸಿದ. "ನೋಡ್ರಿ ಸಾಹುಕಾರ್ರ, ಒಂದ ಬೆರಳು ಸಾಕು." ಟಕ್.

ರೇವಣಪ್ಪನ ಮುಖ ಇಳಿದುಹೋಯಿತು. "ಇದು ಆ ಕಾರು ಅಲ್ಲೇನ್ರಿ?"

"ಯಾವ ಕಾರು?"

"ಬಾಗೇವಾಡಿ ಮದುವ್ಯಾಗ ಊಟಕ್ಕ ಕುಂತಾಗ ನಿಮ್ಮ ಮನಿಯವರು ಹೇಳಿದ್ರು, ನಾಲ್ಕು ಮಂದಿ ಜಗ್ಗಿದ್ರೂ ಬಾನೆಟ್ ಬಿಚ್ಚೂದಿಲ್ಲಂತ. ಹೊಲದಾಗ ನಿಲ್ಲಿಸಿದ ಗಾಡಿಯಿಂದ ನನ್ನವು ಮೂರು ಬ್ಯಾಟರಿ ಕಳುವಾಗ್ಯಾವು. ಕಳ್ಳಗ ಬಿಚ್ಚಲಾರದ ಗಾಡಿ ಬೇಕಂತ ಬಂದೆ."

"ನಿಮಗರ ಬಿಚ್ಚೂದು ಬ್ಯಾಡೇನ್ರಿ?" ಸಂಜೀವಕುಮಾರನ ದನಿ ಕೀರಲಾಯಿತು.

"ನಾ ಗ್ಯಾರೇಜಿಗೆ ಒಯ್ದು ಬಿಚ್ಚಸ್ತೇನಿ. ಕಳ್ಳ ಏನು ಗ್ಯಾರೇಜು ಹೊತ್ಕೊಂಡ ಬರ್ತಾನ? ಇದರ ಬಾಗಲ ನೋಡಿದ್ರ ಒಂದಕ್ಕೂ ಕೀಲಿ ಇಲ್ಲ."

ಸಂಜೀವಕುಮಾರ ಗುಂಡವ್ವನ ಕಡೆ ತಿರುಗಿದ. "ಯವ್ವಾ, ಆ ಕುಸುಬಿ ಎಣ್ಣಿ ಎಲ್ಲೈತಿ? ಲಗೂನ ತಾ. ಎಷ್ಟು ಹೊತ್ತಿಗೆ ಅಂಟಾಗ್ತೈತಿ?"

"ಹೊತ್ತಲ್ಲಪ, ತಿಂಗಳು ಬೇಕು" ಎಂದಳು ಗುಂಡವ್ವ.

ರೇವಣಪ್ಪ ಜೀಪು ಹತ್ತಿದ. "ಆಗಲಿ ಬಿಡ್ರಿ. ಬಿಗಿಯಾದ ಮ್ಯಾಲ ಹೇಳಿ ಕಳಸ್ರಿ, ಬಂದು ಒಯ್ತೇನಿ."

ಬಾನೆಟ್ ಮುಚ್ಚಲು ಸಂಜೀವಕುಮಾರ ಮುಂದೆ ಬಂದ. ಅದರ ಆಚೆ ಚೀಲ ಹಿಡಿದ ರೇಣುಕಾ ನಿಂತಿದ್ದಳು. ಐದರ ಬಸ್ಸು ಅವತ್ತು ಮಾತ್ರ ಹೊತ್ತಿಗೆ ಮೊದಲೇ ಬಂದಿತ್ತು. ಅವಳು ಕಾರು ನೋಡಿದಳು, ಗುಂಡಿ ಕಿತ್ತ ಅಂಗಿ ನೋಡಿದಳು, ಮೂಗಿಗೆ ಸೆರಗು ಹಿಡಿದಳು.

"ಸಾಹುಕಾರ್ರ, ನಿಂದ್ರಿ. ಬಸ್ ಸ್ಟ್ಯಾಂಡಿನ ತನಕ ನಾನೂ ಬರ್ತೇನಿ" ಎಂದು ಚೀಲವನ್ನು ಜೀಪಿನಲ್ಲಿಟ್ಟು ಹತ್ತಿ ಕುಳಿತಳು. ಆಮೇಲೆ ಗಂಡನ ಕಡೆ ಬಗ್ಗಿ, "ಬಿಗಿಯಾದ ಮ್ಯಾಲ ನನಗೂ ಹೇಳಿ ಕಳಸ್ರಿ" ಎಂದಳು.