ಗಾಡಿ ನಿಂತ ಕಡೆ ಊಟ

ಹೆಂಡತಿ: ಎಡಕ್ಕೆ ತಿರುಗಿಸ್ರೀ ಅಂದ್ರೆ ಎಡಕ್ಕೆ! ಒಂದು ಗಂಟೆಗೆ ಟೇಬಲ್ ಹೇಳಿಟ್ಟಿದ್ದೀನಿ. ಕಾಲು ಗಂಟೆ ತಡ ಆದ್ರೆ ಬೇರೆಯವರಿಗೆ ಕೊಟ್ಟುಬಿಡ್ತಾರಂತೆ.

ಡ್ರೈವರ್: ಕೊಡ್ಲಿ ಬಿಡು, ನಾವು ಬಚಾವ್. ಬೆಳಗ್ಗೆ ಬರ್ತಾ ಆ ಹೋಟೆಲ್ ಮುಂದೆ ಎಷ್ಟು ಗಾಡಿ ನಿಂತಿತ್ತು ನೋಡಿದ್ಯಾ? ಎರಡು! ಒಂದು ಅಡುಗೆಯವನದು, ಇನ್ನೊಂದು ಪಂಚರ್ ಆಗಿದ್ದು.

ಕಾರು ಕವಲುದಾರಿಯಲ್ಲಿ ಮೂತಿಯನ್ನು ಎಡಕ್ಕೂ ಬಲಕ್ಕೂ ಹಾಕದೆ ನಡುವೆ ನಿಂತಿತ್ತು. ಸುತ್ತ ಕಣ್ಣು ಹಾಯಿಸಿದಷ್ಟೂ ದ್ರಾಕ್ಷಿ ತೋಟ. ಡ್ರೈವರ್ ಅಂದರೆ ಅವಳ ಗಂಡನೇ, ನಲವತ್ತು ವರ್ಷ ಲಾರಿ ಓಡಿಸಿ ನಿವೃತ್ತನಾದವನು. ಅವನದೇ ಲೆಕ್ಕದಲ್ಲಿ, ಓಡಿಸಿದ ದೂರಕ್ಕೆ ಚಂದ್ರನಿಗೆ ಹೋಗಿ ಬಂದು, ಟವೆಲ್ ಮರೆತೆನೆಂದು ಇನ್ನೊಮ್ಮೆ ಹೋಗಿ ಬರಬಹುದಿತ್ತು. ಅಷ್ಟೂ ವರ್ಷ ಹೊಟ್ಟೆಗೆ ಅವನು ಇಟ್ಟುಕೊಂಡಿದ್ದು ಒಂದೇ ಕಾನೂನು: ಎಲ್ಲಿ ಹೆಚ್ಚು ಗಾಡಿ ನಿಂತಿರುತ್ತವೋ ಅಲ್ಲೇ ಊಟ.

ಹೆಂಡತಿ ಇಪ್ಪತ್ತೆಂಟು ವರ್ಷದಿಂದ ಶಾಲೆಯೊಂದರ ಅಡುಗೆಮನೆಯಲ್ಲಿ ದಿನಾ ನಾನೂರು ಮಕ್ಕಳಿಗೆ ಸೌಟು ಹಿಡಿದವಳು. ಆರು ತಿಂಗಳ ಹಿಂದೆ ಪತ್ರಿಕೆಯಲ್ಲಿ ಎಡದಾರಿಯ ಆ ಹೋಟೆಲಿನ ಚಿತ್ರ ನೋಡಿದ್ದೇ ತಡ, ಅವಳಿಗೆ ಒಂದೇ ಆಸೆ ಹತ್ತಿತ್ತು. ಬಿಳಿ ಬಟ್ಟೆ ಹಾಸಿದ ಟೇಬಲ್ಲಿನ ಮುಂದೆ ತಾನು ಸುಮ್ಮನೆ ಕೂರಬೇಕು, ಬೇರೆ ಯಾರೋ ನಿಂತು ಬಡಿಸಬೇಕು.

ಡ್ರೈವರ್: ಅಲ್ಲಿ ಏನು ಕೊಡ್ತಾರೆ ಗೊತ್ತಾ? ತಟ್ಟೆ ಲಾರಿ ಚಕ್ರದಷ್ಟು. ನಡುವೆ ಒಂದು ಎಲೆ, ಎಲೆ ಮೇಲೆ ಒಂದು ಕಾಳು. ನೊಣ ಬಂದ್ರೂ ಹಸ್ಕೊಂಡೇ ವಾಪಸ್ ಹೋಗುತ್ತೆ.

ಹೆಂಡತಿ: ಆ ಕಾಳು ನಾನು ಬೇಯಿಸಿದ್ದಲ್ಲ ತಾನೆ? ಅಷ್ಟು ಸಾಕು ನನಗೆ.

ಡ್ರೈವರ್: ವೈನ್ ಕತೆ ಕೇಳು. ಮೊದಲು ಅಲ್ಲಾಡಿಸ್ಬೇಕು, ಆಮೇಲೆ ಮೂಸ್ಬೇಕು, ಆಮೇಲೆ ಬಾಯಲ್ಲಿ ಗುಳುಗುಳು ಅನ್ನಿಸಿ ಬಕೆಟ್ಟಿಗೆ ಉಗೀಬೇಕಂತೆ. ಉಗಿಸ್ಕೊಳ್ಳೋಕೆ ಇಷ್ಟು ದೂರ ಯಾಕೆ ಬರ್ಬೇಕಿತ್ತು? ಮನೇಲಿ ನೀನೇ ಇದ್ಯಲ್ಲ.

ಅಷ್ಟರಲ್ಲಿ ಅವನ ಕಣ್ಣು ಬಲಗಡೆಯ ಇಳಿಜಾರಿನ ಮೇಲೆ ನೆಟ್ಟಿತು. ತಗಡಿನ ಮಾಡು, ಅದರ ಮುಂದೆ ವ್ಯಾನು, ಟ್ರ್ಯಾಕ್ಟರು, ಹಳೇ ಬಸ್ಸು, ಸೈಕಲ್ಲು. ಜಾತ್ರೆಯೇ ಬಂದು ಠಿಕಾಣಿ ಹೂಡಿದಂತಿತ್ತು. ಸ್ಟಿಯರಿಂಗ್ ತಾನಾಗಿಯೇ ಬಲಕ್ಕೆ ಹೊರಳಿತು ಎಂದು ಅವನು ಆಮೇಲೆ ಎಷ್ಟೋ ದಿನ ವಾದಿಸಿದ.

ಡ್ರೈವರ್: ಇನ್ನೂ ಹನ್ನೆರಡೂ ಕಾಲು ಕಣೇ. ಒಂದೇ ಒಂದು ತುತ್ತು ರುಚಿ ನೋಡಿ ನಿನ್ನ ಬಿಳಿ ಬಟ್ಟೆಗೆ ಹೋಗೋಣ.

ಮಾಡಿನ ಕೆಳಗೆ ಉದ್ದುದ್ದ ಬೆಂಚು. ನಲವತ್ತು ಜನ ತಲೆ ಎತ್ತದೆ ಉಣ್ಣುತ್ತಿದ್ದರು. ಕೊರಳಲ್ಲಿ ಸೀಟಿ, ಕಂಕುಳಲ್ಲಿ ಪುಸ್ತಕ ಇದ್ದ ಮೇಸ್ತ್ರಿ ಓಡಿಬಂದ.

ಮೇಸ್ತ್ರಿ: ಬೆಳಗ್ಗೆ ನಿಮ್ಮನ್ನ ನೋಡ್ಲಿಲ್ವಲ್ಲ?

ಡ್ರೈವರ್: ಈಗ ತಾನೆ ಬಂದ್ವಿ. ಜಾಗ ಇದೆಯಾ?

ಮೇಸ್ತ್ರಿ: ಇವತ್ತು ಎಷ್ಟು ಜನ ಬಂದ್ರೂ ಸಾಲಲ್ಲ ಯಜಮಾನ್ರೇ! ಎಲ್ಲಿ, ಕೈ ತೋರ್ಸಿ.

ಮೇಸ್ತ್ರಿ ಅವನ ಬೆರಳುಗಳನ್ನು ಒಂದೊಂದಾಗಿ ಮಡಚಿ, ಬಿಡಿಸಿ, ತೃಪ್ತಿಯಿಂದ ತಲೆಯಾಡಿಸಿದ.

ಡ್ರೈವರ್ (ಹೆಂಡತಿಯ ಕಿವಿಯಲ್ಲಿ): ನೋಡ್ದಾ ಶುಚಿ? ಕೈ ತೊಳೆದಿದ್ದಾರಾ ಅಂತ ಪರೀಕ್ಷೆ ಮಾಡಿಯೇ ಒಳಗೆ ಬಿಡೋದು.

ಮೇಸ್ತ್ರಿ: ಸೊಂಟ ಗಟ್ಟಿ ಇದೆಯಾ?

ಡ್ರೈವರ್: ಕಬ್ಬಿಣ! ಬೆಂಚಿಗೆ ಒರಗು ಇಲ್ದಿದ್ರೂ ನಡೆಯುತ್ತೆ.

ಮೇಸ್ತ್ರಿ ಅವನ ಅಂಗಿಗೆ ‘೧೭’ ಎಂದು ಬರೆದ ಕೆಂಪು ಬಟ್ಟೆಯ ತುಂಡನ್ನು ಪಿನ್ನು ಹಾಕಿ ಸಿಕ್ಕಿಸಿದ.

ಹೆಂಡತಿ: ರೀ, ಟೇಬಲ್ ನಂಬರನ್ನ ಯಾರಾದ್ರೂ ಎದೆಗೆ ಚುಚ್ಚುತ್ತಾರಾ?

ಡ್ರೈವರ್: ಗಿರಾಕಿ ತಪ್ಪಿಸ್ಕೋಬಾರ್ದು ಅಂತ. ವ್ಯಾಪಾರ ಗೊತ್ತಿರೋರು!

ಮೇಸ್ತ್ರಿ: ಅಮ್ಮಾ, ನಿಮಗೂ ಒಂದು ಹಾಕ್ಲಾ?

ಹೆಂಡತಿ: ಬೇಡಪ್ಪಾ. ನಾನು ಇವರ ಜೊತೆ ಬಂದೋಳು ಅಷ್ಟೆ. ತಟ್ಟೇನೂ ಬೇಡ, ಲೋಟಾನೂ ಬೇಡ.

ಊಟ ಬಂತು. ಹೊಗೆಯಾಡುವ ರೊಟ್ಟಿ, ಸೌಟು ನೆಟ್ಟರೆ ನಿಲ್ಲುವಷ್ಟು ಗಟ್ಟಿ ಕಾಳಿನ ಸಾರು, ಕೆಂಡದಲ್ಲಿ ಸುಟ್ಟ ಬದನೆಕಾಯಿ. ವೈನಂತೂ ಬಿಂದಿಗೆಯಿಂದಲೇ ಲೋಟಕ್ಕೆ ಬಿತ್ತು. ಮೂಸು ಎನ್ನುವವರೂ ಇಲ್ಲ, ಉಗಿ ಎನ್ನುವವರೂ ಇಲ್ಲ. ಡ್ರೈವರ್ ಹೇಳಿದ ಒಂದು ತುತ್ತು ಸ್ವಲ್ಪ ಉದ್ದವಾಯಿತು. ಮೂರು ಸಲ ಸಾರು ಹಾಕಿಸಿಕೊಂಡ, ಮೂರು ಲೋಟ ವೈನ್ ಇಳಿಸಿದ. ಸೊಂಟಪಟ್ಟಿ ‘ಅಯ್ಯೋ’ ಎಂದದ್ದು ಪಕ್ಕದ ಬೆಂಚಿಗೂ ಕೇಳಿಸಿತು.

ಹೆಂಡತಿ: ರೀ, ಇವರ ಬೂಟು ನೋಡಿ, ಮಂಡಿವರೆಗೆ ಕೆಸರು. ಬೆರಳೆಲ್ಲಾ ನೇರಳೆ ಬಣ್ಣ.

ಡ್ರೈವರ್: ತೋಟದ ಊರಲ್ಲಿ ಇನ್ನೇನು ಮೈಗೆ ಸುಗಂಧ ಬಳ್ಕೊಂಡಿರ್ತಾರಾ?

ಹೆಂಡತಿ: ಉಣ್ಣೋ ವೇಗ ನೋಡಿ. ನಾನು ಇಪ್ಪತ್ತೆಂಟು ವರ್ಷ ಬಡಿಸಿದೋಳು. ಬೆಲ್ ಹೊಡೆಯುತ್ತೆ ಅಂತ ಗೊತ್ತಿರೋರು ಮಾತ್ರ ಹಿಂಗೆ ಉಣ್ತಾರೆ. ಇದು ಹೋಟೆಲ್ ಅಲ್ಲ.

ಡ್ರೈವರ್: ಹೊಟ್ಟೆಕಿಚ್ಚು ಕಣೇ ನಿನಗೆ. ಇಷ್ಟು ಗಾಡಿ ಸುಳ್ಳು ಹೇಳ್ತಾವಾ?

ಮೇಸ್ತ್ರಿ ಸೀಟಿ ಊದಿದ. ನಲವತ್ತು ಜನ ಒಟ್ಟಿಗೆ ಎದ್ದರು. ಅವನು ರೊಟ್ಟಿಯ ಕೊನೆಯ ಚೂರಿನಿಂದ ತಟ್ಟೆ ಒರೆಸುವಷ್ಟರಲ್ಲಿ ಇಡೀ ಮಾಡಿನ ಕೆಳಗೆ ಉಳಿದವರು ಗಂಡ, ಹೆಂಡತಿ, ಮೇಸ್ತ್ರಿ. ಮೇಸ್ತ್ರಿ ಅವನ ಮುಂದೆ ಒಂದು ಕತ್ತರಿ ಇಟ್ಟ.

ಡ್ರೈವರ್: ಇದೇನು ಸ್ವಾಮಿ, ಹಲ್ಲುಕಡ್ಡಿ ಖಾಲಿಯಾಯ್ತಾ?

ಮೇಸ್ತ್ರಿ: ದ್ರಾಕ್ಷಿ ಕೊಯ್ಯೋಕೆ! ನಾಳೆ ಮಳೆ ಬರುತ್ತಂತೆ, ಸಂಜೆ ಒಳಗೆ ತೋಟ ಖಾಲಿ ಆಗ್ಬೇಕು. ನಿಮ್ಮದು ಹದಿನೇಳನೇ ಸಾಲು.

ಡ್ರೈವರ್: ನಾನು ಊಟಕ್ಕೆ ಬಂದ ಗಿರಾಕಿ! ಬಿಲ್ ತನ್ನಿ.

ಮೇಸ್ತ್ರಿ: ಬಿಲ್ಲಾ? ಇಲ್ಲಿ ಊಟ ಮಾರಲ್ಲ ಯಜಮಾನ್ರೇ, ಕೊಯ್ಯೋರಿಗೆ ಹಾಕ್ತೀವಿ. ನೀವು ಮೂರು ಸಲ ಸಾರು ಹಾಕಿಸ್ಕೊಂಡಿದ್ದು ನೋಡಿ, ಒಳ್ಳೆ ಆಳು ಅಂತ ಹದಿನೆಂಟನ್ನೂ ನಿಮ್ಮ ಹೆಸರಿಗೇ ಬರೆದೆ. ಬೇಡ ಅಂದ್ರೆ ಹೊರಡಿ, ನಾನೇನು ಕಟ್ಟಿಹಾಕಿಲ್ಲ.

ಡ್ರೈವರ್: ಏಳೇ, ಹೋಗೋಣ. ಕಾರ್ ತೆಗೀತೀನಿ.

ಹೆಂಡತಿ: ಯಾರು, ನೀವಾ? ಎಷ್ಟು ಲೋಟ ಆಯ್ತು?

ಅವನ ಮುಖ ಗಾಳಿ ಹೋದ ಟೈರಾಯಿತು. ಒಂದು ಹನಿ ಒಳಗೆ ಹೋದರೂ ಸ್ಟಿಯರಿಂಗ್ ಮುಟ್ಟುವುದಿಲ್ಲ ಎಂಬುದು ಅವನ ನಲವತ್ತು ವರ್ಷದ ವ್ರತ. ಒಮ್ಮೆ ಕೆಮ್ಮಿನ ಔಷಧಿ ಕುಡಿದೆನೆಂದು ಎರಡು ದಿನ ಲಾರಿ ನಿಲ್ಲಿಸಿದ್ದ. ಅದರಲ್ಲಿದ್ದ ಟೊಮೆಟೊ ಗೊಜ್ಜಾಗಿ ಊರು ಸೇರಿತ್ತು. ಹೆಂಡತಿ ಅಂಗೈ ಚಾಚಿದಳು. ಅವಳು ಲೈಸೆನ್ಸ್ ತೆಗೆದುಕೊಂಡು ಹನ್ನೆರಡು ವರ್ಷವಾಗಿದ್ದರೂ, ಅವನು ಅವಳಿಗೆ ಕಾರನ್ನು ಕೊಟ್ಟದ್ದು ಧೂಳು ಒರೆಸುವುದಕ್ಕೆ ಮಾತ್ರ.

ಹೆಂಡತಿ: ಕೀ.

ಡ್ರೈವರ್: ನಿನಗೆ ರಿವರ್ಸ್ ಬರಲ್ಲ ಕಣೇ!

ಹೆಂಡತಿ: ನಾನು ಹೋಗ್ತಿರೋದು ಮುಂದಕ್ಕೆ.

ಡ್ರೈವರ್: ಟೇಬಲ್ ಇಬ್ಬರಿಗೆ ಹೇಳಿದೀಯಲ್ಲ. ಒಬ್ಬಳೇ ಹೋಗಿ ಕೂತ್ರೆ ಅವರು ಏನಂತಾರೆ?

ಹೆಂಡತಿ: ‘ಏನು ತರ್ಲಿ ಅಮ್ಮಾ?’ ಅಂತಾರೆ. ಅದನ್ನ ಕೇಳಿಸ್ಕೊಳ್ಳೋಕೇ ಹೋಗ್ತಿರೋದು.

ಅವನು ಕೀ ಕೊಟ್ಟ. ಸ್ವಂತ ಹಲ್ಲು ಕಿತ್ತುಕೊಟ್ಟಷ್ಟು ನಿಧಾನವಾಗಿ ಕೊಟ್ಟ. ಕಾರು ಒಮ್ಮೆ ಕೆಮ್ಮಿತು, ಕಪ್ಪೆಯಂತೆ ಎರಡು ಸಲ ಕುಪ್ಪಳಿಸಿತು. “ಕ್ಲಚ್ಚು! ಕ್ಲಚ್ಚು!” ಎಂದು ಅವನು ಕೂಗಿದ್ದು ಪಕ್ಕದ ಮೂರು ಬೆಟ್ಟಗಳಿಗೂ ಪಾಠವಾಯಿತು. ಆಮೇಲೆ ಕಾರು ನೇರವಾಗಿ, ಅವನೇ ಓಡಿಸಿದಷ್ಟು ನುಣುಪಾಗಿ, ದಿಬ್ಬ ಹತ್ತಿ ಮರೆಯಾಯಿತು. ಅದರಿಂದ ಅವನಿಗೆ ಇನ್ನೂ ಸಂಕಟವಾಯಿತು.

ಮೇಸ್ತ್ರಿ: ಅಮ್ಮ ವಾಪಸ್ ಬರ್ತಾರಾ ಯಜಮಾನ್ರೇ?

ಡ್ರೈವರ್ ಕತ್ತರಿ ಎತ್ತಿಕೊಂಡ.

ಡ್ರೈವರ್: ಸ್ವಾಮಿ, ಎರಡಲ್ಲ, ಮೂರು ಸಾಲು ಬೇಕಾದ್ರೂ ಕೊಯ್ತೀನಿ. ರಸ್ತೆ ಕಾಣೋ ಕಡೆ ಕೊಡಿ.